ಲೋಟದ ಮೇಲಿನ ಗೆರೆ: ಷ್ವಾಬೆನ್ ಸೀಮೆಯ ಹಳ್ಳಿ ಹೋಟೆಲುಗಳ ಆತಿಥ್ಯದ ಚರಿತ್ರೆ

ಸಿಂಡೆಲ್‌ಫಿಂಗೆನ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳು ಒಟ್ಟುಗೂಡಿದಾಗ ಬರುವ ಮಾತುಗಳಲ್ಲಿ ಊರಾಚೆಯ ಹಳ್ಳಿ ಹೋಟೆಲೂ ಒಂದು. ಇಲ್ಲಿಯವರು ಅದನ್ನು ‘ಗಾಸ್ಟ್‌ಹೋಫ್’ ಎನ್ನುತ್ತಾರೆ. ಊಟ, ಬಿಯರು, ವೈನು, ಕೆಲವೆಡೆ ರಾತ್ರಿ ತಂಗಲು ಕೋಣೆ, ಎಲ್ಲವೂ ಒಂದೇ ಸೂರಿನಡಿ. ಭಾನುವಾರ ಷ್ಯೋನ್‌ಬುಖ್ ಕಾಡಿನಲ್ಲಿ ಸುತ್ತಾಡಿ ದಣಿದವರು ಅಲ್ಲಿಗೆ ಹೋಗುತ್ತಾರೆ, ಬಂದ ಮೇಲೆ ಎರಡು ಬಗೆಯ ವರದಿ ಒಪ್ಪಿಸುತ್ತಾರೆ. “ಮಾಣಿ ಒಮ್ಮೆಯೂ ನಗಲಿಲ್ಲ, ಕುಡಿಯುವ ನೀರಿಗೂ ಬಿಲ್ಲು ಹಾಕಿದ” ಎನ್ನುವುದು ಒಂದು. “ಹೇಳಿದ ಬೆಲೆಗೆ ಹೇಳಿದ ಪದಾರ್ಥ, ಹೇಳಿದಷ್ಟೇ ಅಳತೆಯಲ್ಲಿ ಬಂತು” ಎನ್ನುವುದು ಇನ್ನೊಂದು.

ಎರಡೂ ನಿಜ. ನಮಗೆ ಆತಿಥ್ಯವೆಂದರೆ ಮೊದಲು ನೆನಪಾಗುವುದು ಬಲವಂತದ ಉಪಚಾರ. ಇಲ್ಲಿ ಅದಕ್ಕೆ ಅಳತೆಯ ರೂಪ ಬಂದಿದೆ. ಹೀಗೇಕಾಯಿತು ಎಂದು ಹುಡುಕಿಕೊಂಡು ಹೋದರೆ, ನನ್ನಂಥ ನಿವೃತ್ತ ವೈದ್ಯನಿಗೆ ಚಿರಪರಿಚಿತವಾದ ಒಂದು ರೋಗದ ಬಳಿ ಹೋಗಿ ನಿಲ್ಲಬೇಕಾಗುತ್ತದೆ. ಆ ಕಥೆಯನ್ನು ಸಂಘದ ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಬಾಗಿಲಿಗೆ ಪೊರಕೆ

ನಮ್ಮಲ್ಲಿ ಪೊರಕೆಯನ್ನು ಬಾಗಿಲ ಹಿಂದೆ ಮರೆಮಾಡಿ ಇಡುತ್ತಾರೆ. ವುರ್ಟೆಂಬರ್ಗಿನ ವೈನ್ ಹಳ್ಳಿಗಳಲ್ಲಿ ಅದನ್ನು ಬಾಗಿಲ ಮುಂದೆ ಎತ್ತರಕ್ಕೆ ಕಟ್ಟುತ್ತಾರೆ. “ಈ ಮನೆಯ ದ್ರಾಕ್ಷಿತೋಟದ ವೈನ್ ಸಿದ್ಧವಿದೆ, ಒಳಗೆ ಬನ್ನಿ” ಎಂದು ಅದರ ಅರ್ಥ. ಇಂಥ ಮನೆಗೆ ‘ಬೇಸನ್‌ವಿರ್ಟ್‌ಶಾಫ್ಟ್’, ಎಂದರೆ ಪೊರಕೆ ಹೋಟೆಲು ಎಂದು ಹೆಸರು. ನಮ್ಮ ಕಾಲದಲ್ಲಿ ಹೆಸರಾದ ನಿಯಮದ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ 4 ತಿಂಗಳು, 40 ಆಸನಗಳೊಳಗೆ, ತಾನು ಬೆಳೆದು ತಯಾರಿಸಿದ ವೈನನ್ನೂ ಸರಳವಾದ ಊಟವನ್ನೂ ರೈತ ತನ್ನ ಮನೆಯಲ್ಲೇ ಬಡಿಸಬಹುದು.

ಈ ಪದ್ಧತಿಯ ಮೂಲವನ್ನು ಜನ ಚಕ್ರವರ್ತಿ ಶಾರ್ಲಮೇನನವರೆಗೆ ಒಯ್ಯುತ್ತಾರೆ. ಸುಮಾರು ಕ್ರಿ.ಶ. 800ರ ಹೊತ್ತಿನ, ಅರಮನೆಯ ಜಮೀನುಗಳ ಆಡಳಿತ ಕುರಿತ ಅವನ ಕಟ್ಟಳೆಯಲ್ಲಿ ದ್ರಾಕ್ಷಿ ಗೊಂಚಲಿನ ಹಾರಗಳ ಮಾತು ಬರುವುದೇ ಇದಕ್ಕೆ ಆಧಾರ. ಆ ಹಾರ ಹೋಟೆಲಿನ ಗುರುತೇ ಆಗಿತ್ತೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅದೇ ಕಟ್ಟಳೆಯ ಬೇರೆರಡು ವಿಧಿಗಳು ಬಹಳ ಸ್ಪಷ್ಟ. ಕೈಯಿಂದ ತಯಾರಾಗುವ ಮಾಂಸ, ಬೆಣ್ಣೆ, ವೈನು, ಹುಳಿರಸಗಳನ್ನೆಲ್ಲ ಅತ್ಯಂತ ಶುಚಿಯಾಗಿ ಮಾಡಬೇಕು ಎನ್ನುತ್ತದೆ ಒಂದು. ದ್ರಾಕ್ಷಿಯನ್ನು ಕಾಲಿನಿಂದ ತುಳಿಯಕೂಡದು ಎನ್ನುತ್ತದೆ ಇನ್ನೊಂದು. ಉಣ್ಣುವವನಿಗೆ ಅಡುಗೆಮನೆ ಕಾಣುವುದಿಲ್ಲ, ಆದ್ದರಿಂದ ಅವನ ಪರವಾಗಿ ಬೇರೆ ಯಾರಾದರೂ ನೋಡಬೇಕು ಎಂಬ ವಿಚಾರಕ್ಕೆ ಇಲ್ಲಿ 1200 ವರ್ಷಗಳ ವಯಸ್ಸಾಗಿದೆ.

1516ರ ಬವೇರಿಯಾದ ಬಿಯರ್ ಶುದ್ಧತೆಯ ಕಟ್ಟಳೆ ನಮಗೆಲ್ಲ ಗೊತ್ತು: ಬಾರ್ಲಿ, ಹಾಪ್ಸ್, ನೀರು, ಇಷ್ಟೇ. ಅದೇ ಕಟ್ಟಳೆ ಬಿಯರಿನ ಗರಿಷ್ಠ ಬೆಲೆಯನ್ನೂ ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ನಿಗದಿ ಮಾಡಿತ್ತು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಗುಣಮಟ್ಟ ಮತ್ತು ಬೆಲೆ ಎರಡೂ ಒಂದೇ ಕಾಗದದ ಮೇಲಿದ್ದವು.

ಉಲ್ಮ್ ನಗರದ ಹೊಟ್ಟೆನೋವು

ಸಿಂಡೆಲ್‌ಫಿಂಗೆನ್‌ನಿಂದ ಸುಮಾರು 100 ಕಿಲೋಮೀಟರ್ ದೂರದ ಉಲ್ಮ್‌ನಲ್ಲಿ ಎಬರ್‌ಹಾರ್ಡ್ ಗೊಕೆಲ್ (1636–1703) ಎಂಬ ನಗರವೈದ್ಯರಿದ್ದರು. 1690ರ ದಶಕದಲ್ಲಿ ಅಲ್ಲಿನ ಮಠಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಕರುಳು ಹಿಂಡಿದಂತೆ ಹೊಟ್ಟೆನೋವು, ದಿನಗಟ್ಟಲೆ ಮಲಬದ್ಧತೆ, ಮುಖ ಬಿಳಿಚಿಕೊಳ್ಳುವುದು, ಕೊನೆಗೆ ಕೈಕಾಲುಗಳ ಸೋಲು. ಗೊಕೆಲ್ ಮಾಡಿದ ಮೊದಲ ಕೆಲಸ ಇಂದಿಗೂ ನಾವು ವಿದ್ಯಾರ್ಥಿಗಳಿಗೆ ಕಲಿಸುವಂಥದು: ಯಾರಿಗೆ ಕಾಯಿಲೆ ಬಂತು ಎಂಬುದರ ಜೊತೆಗೆ ಯಾರಿಗೆ ಬರಲಿಲ್ಲ ಎಂಬುದನ್ನೂ ವಿಚಾರಿಸಿದರು. ವೈನ್ ಮುಟ್ಟದ ಸನ್ಯಾಸಿಗಳು ಆರೋಗ್ಯವಾಗಿದ್ದರು. ಸ್ವತಃ ಆ ವೈನನ್ನು ಕುಡಿದ ಗೊಕೆಲ್‌ರಿಗೂ ನೋವು ಬಂತು.

ಗೊಸ್ಲಾರ್ ಪಟ್ಟಣದ ವೈದ್ಯ ಸ್ಟಾಕ್‌ಹೌಸೆನ್ 1656ರಲ್ಲಿ ಗಣಿ ಕೆಲಸಗಾರರ ರೋಗದ ಮೇಲೆ ಒಂದು ಪುಸ್ತಕ ಬರೆದಿದ್ದರು. ಸೀಸದ ಹೊಗೆಯಿಂದ ಬರುವ ಆ ರೋಗದ ವರ್ಣನೆಗೂ ಮಠದ ರೋಗಿಗಳ ಲಕ್ಷಣಗಳಿಗೂ ವ್ಯತ್ಯಾಸವೇ ಇರಲಿಲ್ಲ. ಗೊಕೆಲ್ ವೈನಿನ ಜಾಡು ಹಿಡಿದು ಹೊರಟು, ಅದನ್ನು ‘ಸರಿಪಡಿಸುವ’ ಗುಟ್ಟನ್ನು ಪತ್ತೆಹಚ್ಚಿದರು. ಹುಳಿಯಾದ ವೈನಿಗೆ ಲಿಥಾರ್ಜ್ ಬೆರೆಸುತ್ತಿದ್ದರು. ನಮ್ಮ ರಸಶಾಸ್ತ್ರದಲ್ಲಿ ಮೃದ್ದಾರಶೃಂಗ ಎಂಬ ಹೆಸರಿನಿಂದ ಪರಿಚಿತವಾದ ಸೀಸದ ಆಕ್ಸೈಡ್ ಅದು. ವೈನಿನಲ್ಲಿರುವ ವಿನೆಗರಿನ ಆಮ್ಲದ ಜೊತೆ ಸೇರಿ ಅದು ಸೀಸದ ಅಸಿಟೇಟ್ ಆಗುತ್ತದೆ. ಹಳಬರು ಅದನ್ನು ‘ಸೀಸದ ಸಕ್ಕರೆ’ ಎನ್ನುತ್ತಿದ್ದರು, ಏಕೆಂದರೆ ರುಚಿ ಸಿಹಿ. ಗೊಕೆಲ್ ತಾವೇ ಕೆಟ್ಟ ಹುಳಿ ವೈನನ್ನು ತಂದು ಪ್ರಯೋಗ ಮಾಡಿ ನೋಡಿದರು. ಅದು ಸೊಗಸಾದ ವೈನಿನಂತಾಯಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆ ವೈನ್ ಕುಡಿದವರು ದೂರುವುದಿರಲಿ, ಮೆಚ್ಚಿಕೊಂಡೇ ಕುಡಿದಿದ್ದರು. ಬಣ್ಣ ಚೆನ್ನಾಗಿತ್ತು, ರುಚಿ ಚೆನ್ನಾಗಿತ್ತು. ಬಡಿಸಿದವನು ನಕ್ಕೇ ಬಡಿಸಿರಬಹುದು. ಆ ವರ್ಷಗಳು ಯುರೋಪಿನಲ್ಲಿ ಅತಿ ಚಳಿಯ ವರ್ಷಗಳು, ದ್ರಾಕ್ಷಿ ಹಣ್ಣಾಗುತ್ತಿರಲಿಲ್ಲ. ಜೊತೆಗೆ ಫ್ರಾನ್ಸಿನ ಸೈನ್ಯದ ಹಾವಳಿ. ಹುಳಿ ಮಾಲನ್ನು ಹೇಗಾದರೂ ಮಾರಬೇಕೆಂಬ ಒತ್ತಡ ವ್ಯಾಪಾರಿಯ ಮೇಲಿತ್ತು. ಸೀಸ ಬೆರೆಸಿದವರೆಲ್ಲ ಅದು ವಿಷವೆಂದು ತಿಳಿದೇ ಬೆರೆಸಿದರು ಎನ್ನಲೂ ಆಗದು. ಸೀಸದಿಂದ ವೈನನ್ನು ಸಿಹಿ ಮಾಡುವ ಪರಿಪಾಠ ರೋಮನರ ಕಾಲದ್ದು.

1696ರಲ್ಲಿ ವುರ್ಟೆಂಬರ್ಗಿನ ಡ್ಯೂಕ್ ಎಬರ್‌ಹಾರ್ಡ್ ಲುಡ್ವಿಗ್ ಈ ಕಲಬೆರಕೆಯನ್ನು ಮರಣದಂಡನೆಯ ಬೆದರಿಕೆಯೊಂದಿಗೆ ನಿಷೇಧಿಸಿದ. ಉಲ್ಮ್ ಸ್ವತಂತ್ರ ನಗರ, ಆದರೆ ಸಿಂಡೆಲ್‌ಫಿಂಗೆನ್ 1351ರಿಂದಲೇ ವುರ್ಟೆಂಬರ್ಗಿಗೆ ಸೇರಿದ ಊರು. ಆದ್ದರಿಂದ ಇಲ್ಲಿನ ಹೋಟೆಲಿನವರೂ ಈ ಆಜ್ಞೆಗೆ ಬದ್ಧರಾದರು. 1706ರಲ್ಲಿ ಪೀಪಾಯಿ ಕೆಲಸದವನೊಬ್ಬನನ್ನು ಈ ಅಪರಾಧಕ್ಕಾಗಿ ಶಿರಚ್ಛೇದ ಮಾಡಲಾಯಿತು.

ಶಿಕ್ಷೆಯಿಂದ ಪರೀಕ್ಷೆಗೆ

ತಲೆ ಕಡಿಯುವ ಭಯವೊಂದರಿಂದ ಲೋಟದಲ್ಲಿ ಏನಿದೆಯೆಂದು ತಿಳಿಯುವುದಿಲ್ಲ. ಅದಕ್ಕೆ ಪರೀಕ್ಷೆ ಬೇಕು. ಆ ಪರೀಕ್ಷೆಯೂ ನಮ್ಮ ನೆರೆಯಲ್ಲೇ ಹುಟ್ಟಿತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಯೋಹಾನ್ ತ್ಸೆಲ್ಲರ್ 1707ರಲ್ಲಿ ಇದರ ಬಗ್ಗೆ ಬರೆದರು. ಗಂಧಕವಿರುವ ಒಂದು ದ್ರಾವಣವನ್ನು ವೈನಿಗೆ ಹನಿಸಿದರೆ, ಸೀಸವಿದ್ದಲ್ಲಿ ಕಪ್ಪು ಗಸಿ ಇಳಿಯುತ್ತದೆ. ಇದು ಯುರೋಪಿನಲ್ಲೆಲ್ಲ ‘ವುರ್ಟೆಂಬರ್ಗ್ ಪರೀಕ್ಷೆ’ ಎಂದೇ ಹೆಸರಾಯಿತು. 1477ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಆರಂಭವಾದದ್ದು ಸಿಂಡೆಲ್‌ಫಿಂಗೆನ್‌ನ ಸಂತ ಮಾರ್ಟಿನ್ ಮಠದ ಆಸ್ತಿ, ಆದಾಯಗಳನ್ನು ಅಲ್ಲಿಗೆ ವರ್ಗಾಯಿಸಿದ್ದರಿಂದ ಎಂಬುದನ್ನು ನಮ್ಮ ಊರಿನ ಮಕ್ಕಳು ತಿಳಿದಿರಬೇಕು.

ಪರೀಕ್ಷೆಯಲ್ಲೂ ಒಂದು ಕೊರತೆಯಿತ್ತು. ವೈನಿನಲ್ಲಿ ಕಬ್ಬಿಣದ ಅಂಶವಿದ್ದರೂ ಅದು ಕಪ್ಪಾಗುತ್ತಿತ್ತು, ಪ್ರಾಮಾಣಿಕ ವ್ಯಾಪಾರಿಯೂ ಸಿಕ್ಕಿಬೀಳುತ್ತಿದ್ದ. ದ್ರಾವಣವನ್ನು ಆಮ್ಲೀಯಗೊಳಿಸಿ, ಸೀಸ ಮಾತ್ರ ಕಪ್ಪಾಗಿ ಕಬ್ಬಿಣ ಹಾಗೇ ಉಳಿಯುವಂತೆ 1788ರಲ್ಲಿ ತಿದ್ದಿದವರು ಸ್ಯಾಮ್ಯುಯೆಲ್ ಹಾನೆಮನ್. ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲೂ ಹೋಮಿಯೋಪತಿಯ ಸ್ಥಾಪಕರೆಂದು ಯಾರ ಪಟ ತೂಗುಹಾಕಿದೆಯೋ ಅವರೇ. ಅವರ ಹೋಮಿಯೋಪತಿಯ ವಿಷಯದಲ್ಲಿ ನನ್ನ ವೃತ್ತಿಬಾಂಧವರಿಗೆ ತಕರಾರುಗಳಿವೆ. ಈ ವೈನ್ ಪರೀಕ್ಷೆಯ ವಿಷಯದಲ್ಲಿ ಇಲ್ಲ. ಅದು ಗಿರಾಕಿಯನ್ನೂ ಕಾಯಿತು, ನ್ಯಾಯವಾಗಿ ನಡೆಯುವ ಸಾಹುಕಾರನನ್ನೂ ಕಾಯಿತು.

ಮುಂದೆ ಜರ್ಮನ್ ಸಾಮ್ರಾಜ್ಯ 1879ರಲ್ಲಿ ಆಹಾರ ಪದಾರ್ಥಗಳ ಕಾನೂನನ್ನು ತಂದಿತು. 1881ರಲ್ಲಿ ಪಾನಪಾತ್ರೆಗಳ ಕಾನೂನು ಬಂತು. ಹೋಟೆಲಿನ ಲೋಟದ ಮೇಲೆ ಅಳತೆಯ ಗೆರೆಯೂ ಸಂಖ್ಯೆಯೂ ಇರಲೇಬೇಕು ಎಂದಿತು ಅದು. ಇಂದು ನಿಮ್ಮ ಮೇಜಿಗೆ ಬರುವ ಸೇಬಿನ ರಸದ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಆ ಸಣ್ಣ ಗೆರೆ ಕಾಣುತ್ತದೆ. ನಮ್ಮ ಅಜ್ಜಂದಿರ ಕಾಲದ ಪಾವು, ಸೇರುಗಳ ಮೇಲಿದ್ದ ಸರ್ಕಾರಿ ಮುದ್ರೆಯ ಸೋದರ ಅದು. ರಸ ಗೆರೆಗಿಂತ ಕೆಳಗಿದ್ದರೆ ತುಂಬಿಸಿಕೊಡಿ ಎನ್ನಬಹುದು, ಮಾಣಿ ಬೇಸರಪಡುವುದಿಲ್ಲ.

ಮೈಸೂರಿನ ಓಲೆಗರಿ, ಮಾವಳ್ಳಿಯ ಅಡುಗೆಮನೆ

ಇದೆಲ್ಲ ಯುರೋಪಿನದೇ ಬುದ್ಧಿ ಎಂದುಕೊಳ್ಳಬಾರದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳಿಗೇ ಒಂದು ಅಧ್ಯಾಯವಿದೆ. ಪಾನಗೃಹದಲ್ಲಿ ಹಲವು ಕೋಣೆಗಳಿರಬೇಕು, ಬೇರೆ ಬೇರೆ ಹಾಸಿಗೆ ಆಸನಗಳಿರಬೇಕು, ಗಂಧ, ಹೂಮಾಲೆ, ನೀರು ಇರಬೇಕು, ಆಯಾ ಋತುವಿಗೆ ಹಿತವಾಗಿರಬೇಕು ಎನ್ನುತ್ತದೆ ಅದು. ಕುಡಿದು ಮಲಗಿದ ಗಿರಾಕಿಯ ಒಡವೆ ಕಳೆದುಹೋದರೆ ವ್ಯಾಪಾರಿ ಅದನ್ನು ಭರ್ತಿ ಮಾಡಿ, ಅಷ್ಟೇ ಮೊತ್ತದ ದಂಡವನ್ನೂ ತೆರಬೇಕು. ಗ್ರಾಹಕ ಸೇವೆಗೆ ಇದಕ್ಕಿಂತ ಬಿಗಿಯಾದ ನಿಯಮ ಇಂದಿನ ಯಾವ ಗಾಸ್ಟ್‌ಹೋಫ್‌ನಲ್ಲಿದೆ?

ಕಾನೂನಿನ ಬಲವಿಲ್ಲದೆ ತಾನಾಗಿಯೇ ಈ ದಾರಿ ಹಿಡಿದ ಉದಾಹರಣೆಯೂ ನಮ್ಮಲ್ಲಿದೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್, ನಮ್ಮ ಎಂ.ಟಿ.ಆರ್. ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಹೋಟೆಲುಗಳು ಹೇಗೆ ನಡೆಯುತ್ತವೆಂದು ನೋಡಲು ಪ್ರವಾಸ ಹೊರಟರು. ಇಲ್ಲಿಯ ಶುಚಿತ್ವ, ಶಿಸ್ತುಗಳನ್ನು ಮೆಚ್ಚಿ ಊರಿಗೆ ಮರಳಿ, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಕ್ರಮ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣುವಂತೆ ಮಾಡಿದ್ದು ಆ ಹೋಟೆಲಿನ ಹೆಗ್ಗುರುತಾಯಿತು. ದೋಸೆಯ ರುಚಿಯನ್ನು ಅವರು ಯುರೋಪಿನಿಂದ ಕಲಿಯಬೇಕಾಗಿರಲಿಲ್ಲ, ತೆರೆದ ಅಡುಗೆಮನೆಯ ಧೈರ್ಯ ನಮ್ಮದೇ.

ಇದಕ್ಕೆ ವಿರುದ್ಧವಾದ ನೆನಪೂ ಇದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಅಗ್ಗದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಅವರ ಲೋಟಕ್ಕೆ ಗೆರೆಯೂ ಇರಲಿಲ್ಲ, ಅವರ ಪರವಾಗಿ ಮೊದಲೇ ನೋಡುವವರೂ ಇರಲಿಲ್ಲ.

1985: ಮತ್ತೆ ಸಿಹಿ

ಜರ್ಮನಿಯಲ್ಲಿ ಕಥೆ ಮುಗಿಯಿತು ಎನ್ನುವಂತಿಲ್ಲ. 1985ರಲ್ಲಿ ಆಸ್ಟ್ರಿಯಾದ ಕೆಲವು ವೈನುಗಳಿಗೆ ಸಿಹಿಯೂ ಮೈಕಟ್ಟೂ ಬರಲೆಂದು ಡೈಎಥಿಲೀನ್ ಗ್ಲೈಕಾಲ್ ಬೆರೆಸಿದ್ದು ಬಯಲಾಯಿತು. ಮೊದಲು ಪರೀಕ್ಷೆಗೊಳಗಾದ ಸೀಸೆಗಳಲ್ಲಿ ಒಂದು ಸ್ಟುಟ್‌ಗಾರ್ಟಿನ ಸೂಪರ್‌ಮಾರ್ಕೆಟ್ಟಿನದು. ಗೊಕೆಲ್ ಕಾಲದಿಂದ ಸುಮಾರು 290 ವರ್ಷ ಕಳೆದಿದ್ದರೂ ಆಸೆ ಅದೇ: ಹುಳಿಯನ್ನು ಸಿಹಿ ಮಾಡಿ ಹೆಚ್ಚು ಬೆಲೆಗೆ ಮಾರುವುದು. ಬದಲಾದದ್ದು ಇಷ್ಟೇ, ಈ ಬಾರಿ ಪ್ರಯೋಗಾಲಯ ಮೊದಲೇ ಹಿಡಿಯಿತು, ದಾಸ್ತಾನು ಅಂಗಡಿಗಳಿಂದ ಹೊರಬಿತ್ತು. ಮರುವರ್ಷವೇ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಇದೇ ರಾಸಾಯನಿಕ ಬೆರೆತ ಗ್ಲಿಸರಿನ್ ಸೇವಿಸಿ 14 ರೋಗಿಗಳು ಸತ್ತರು. ಒಂದೇ ವಿಷ, ನೋಡುವವರು ಇದ್ದ ಕಡೆಗೂ ಇಲ್ಲದ ಕಡೆಗೂ ಇರುವ ಅಂತರ ಇದು.

ನಮ್ಮ ತಟ್ಟೆಯ ಪ್ರಶ್ನೆ

ಈಗ ನಮ್ಮ ಮೇಜಿಗೆ ಬರೋಣ. 2014ರ ಡಿಸೆಂಬರ್ 13ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಹೋಟೆಲುಗಳೂ 14 ಬಗೆಯ ಅಲರ್ಜಿಕಾರಕಗಳ ಮಾಹಿತಿ ಕೊಡಬೇಕು. ಗೋಧಿ, ಹಾಲು, ಮೊಟ್ಟೆ, ನೆಲಗಡಲೆ, ಗೋಡಂಬಿಯಂಥ ಬೀಜಗಳು, ಸಾಸಿವೆ, ಎಳ್ಳು, ಸೆಲರಿ ಮುಂತಾದವು ಈ ಪಟ್ಟಿಯಲ್ಲಿವೆ. ಮಗುವಿಗೆ ಅಲರ್ಜಿ ಇರುವ ತಂದೆತಾಯಿಗಳು ಈ ಮಾಹಿತಿಯನ್ನು ಸಂಕೋಚವಿಲ್ಲದೆ ಕೇಳಬೇಕು.

ಆದರೆ ಮಾಂಸ ಆ ಪಟ್ಟಿಯಲ್ಲಿಲ್ಲ. ಸಸ್ಯಾಹಾರಿಗಳ ಪರವಾಗಿ ಇನ್ನೂ ಯಾರೂ ಗೆರೆ ಎಳೆದಿಲ್ಲ. ಷ್ವಾಬೆನ್ ಶೈಲಿಯ ಆಲೂಗಡ್ಡೆ ಸಲಾಡಿಗೆ ಸಾಂಪ್ರದಾಯಿಕವಾಗಿ ಮಾಂಸ ಬೇಯಿಸಿದ ಸಾರನ್ನು ಸುರಿಯುತ್ತಾರೆ. ಬೇಳೆಯ ಪಲ್ಯದಂತೆ ಕಾಣುವ ‘ಲಿನ್ಸೆನ್’ನಲ್ಲಿ ಹಂದಿಯ ಕೊಬ್ಬಿನ ಚೂರುಗಳಿರಬಹುದು. ಇಲ್ಲಿಯ ಬ್ರೆಟ್ಸೆಲ್ ಹಿಟ್ಟಿಗೂ ಕೆಲವು ಬೇಕರಿಗಳು ಹಂದಿಯ ಕೊಬ್ಬು ಹಾಕುವುದುಂಟು. ಇದರಲ್ಲಿ ಮೋಸವಿಲ್ಲ; ಇದು ಅವರ ಮನೆಯ ಅಡುಗೆ. ಊರಿನಿಂದ ಬರುವ ನಮ್ಮ ತಂದೆತಾಯಂದಿರು ಮಾತ್ರ “ಆಲೂಗಡ್ಡೆ ತಾನೇ” ಎಂದು ತಿಂದು ಎದ್ದುಬಿಡುತ್ತಾರೆ, ಜೊತೆಯಲ್ಲಿರುವ ಮಕ್ಕಳು ಕೇಳಲು ಹಿಂಜರಿಯುತ್ತಾರೆ. ಕೇಳಿದರೆ ಮನೆಯವರಿಗೆ ಅವಮಾನವಾಗುತ್ತದೆ ಎಂಬುದು ನಮ್ಮ ಸಂಸ್ಕಾರ. ಬಡಿಸಿದ್ದನ್ನು ಪ್ರಶ್ನಿಸಬಾರದು ಎಂದು ಕಲಿತವರು ನಾವು.

ಹೋಟೆಲು ಮಾತ್ರ ಮನೆಯಲ್ಲ. “ಇಸ್ಟ್ ಡಾ ಫ್ಲೈಷ್‌ಬ್ರ್ಯೂಹೆ ಡ್ರಿನ್?”, ಎಂದರೆ “ಇದರಲ್ಲಿ ಮಾಂಸದ ಸಾರಿದೆಯೇ?” ಎಂಬ ಒಂದು ವಾಕ್ಯವನ್ನು ಕಲಿತರೆ ಸಾಕು. ‘ಸ್ಪೆಕ್’ ಎಂದರೆ ಹಂದಿಯ ಕೊಬ್ಬು, ‘ಷ್ಮಾಲ್ಟ್ಸ್’ ಎಂದರೆ ಕರಗಿಸಿದ ಕೊಬ್ಬು. ಈ ಎರಡು ಪದಗಳನ್ನೂ ಹಿರಿಯರಿಗೆ ಬರೆದುಕೊಡಿ. ನಗದ ಆ ಮಾಣಿ ಒಳಗೆ ಹೋಗಿ ಅಡುಗೆಯವರನ್ನು ಕೇಳಿಕೊಂಡು ಬಂದು “ಹೌದು, ಇದೆ” ಎಂದು ನೇರವಾಗಿ ಹೇಳುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಅದು ಈ ನಾಡಿನ ಉಪಚಾರದ ರೀತಿ. ಲೋಟದ ಮೇಲಿನ ಗೆರೆಯೂ, ಬಾಗಿಲಲ್ಲಿ ತೂಗುವ ಬೆಲೆಪಟ್ಟಿಯೂ, ಆ ನೇರ ಉತ್ತರವೂ ಒಂದೇ ಚರಿತ್ರೆಯಿಂದ ಬಂದವು. ಉಲ್ಮ್‌ನಲ್ಲಿ ವೈದ್ಯರೊಬ್ಬರು, ಯಾರು ಏನು ಕುಡಿದರು ಎಂದು ಸುಮ್ಮನಿರದೆ ಕೇಳಿದ್ದರಿಂದ ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ತೆರೆಯಿತು. ಮುಂದಿನ ವಿಹಾರಕ್ಕೆ ಹೊರಡುವ ಕುಟುಂಬಗಳು ಊಟಕ್ಕೆ ಹೇಳುವ ಮೊದಲು ತಮ್ಮ ಪ್ರಶ್ನೆಯನ್ನೂ ಕೇಳಲಿ.