ಸಾಸವಣೆಯ ಕರಮರಕರ ಶಿಲ್ಪಾಲಯ: ಹೋಗುವವರಿಗೆ ತಿಳಿದಿರಬೇಕಾದ ಮಾಹಿತಿ



ಅಲಿಬಾಗಕ್ಕೆ ಪ್ರವಾಸ ಹೋಗುವ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮವರು ಸಮುದ್ರ, ಕೋಟೆ ನೋಡಿಕೊಂಡು ಹಿಂದಿರುಗುವುದೇ ಹೆಚ್ಚು. ಅದೇ ದಾರಿಯಲ್ಲಿ ಮಾಂಡ್ವಾ ಮತ್ತು ಅಲಿಬಾಗದ ನಡುವೆ ಸಾಸವಣೆ ಎಂಬ ಹಳ್ಳಿಯಿದೆ. ಶಿಲ್ಪಿ ವಿನಾಯಕ ಪಾಂಡುರಂಗ ಕರಮರಕರ ಅವರ ಸ್ವಂತ ಮನೆಯೇ ಅಲ್ಲಿ ಅವರ ಶಿಲ್ಪಗಳ ಸಂಗ್ರಹಾಲಯ. ಸರ್ಕಾರದ ದೊಡ್ಡ ಕಟ್ಟಡವಲ್ಲ, ಮನೆತನದವರು ಉಳಿಸಿಕೊಂಡು ಬಂದ ಮನೆ. ಆದ್ದರಿಂದಲೇ ಈ ಮಾಹಿತಿಯನ್ನು ಕೊಡುತ್ತಿದ್ದೇವೆ.

ಶಿಲ್ಪಿಯ ಪರಿಚಯ

ಕರಮರಕರರು ಹುಟ್ಟಿದ್ದು 1891ರಲ್ಲಿ, ಇದೇ ಸಾಸವಣೆಯಲ್ಲಿ. ಜನ ಅವರನ್ನು ನಾನಾಸಾಹೇಬ ಎಂದು ಕರೆಯುತ್ತಿದ್ದರು. ಮನೆಯಲ್ಲಿ ಗಣಪತಿ ಮೂರ್ತಿ ಮಾಡುವ ರೂಢಿಯಿತ್ತು. ಮಣ್ಣಿನ ಹದ ಅವರಿಗೆ ಅಲ್ಲಿಂದಲೇ ಬಂತು. ಹುಡುಗನಾಗಿದ್ದಾಗ ದೇವಸ್ಥಾನದ ಗೋಡೆಯ ಮೇಲೆ ಶಿವಾಜಿ ಮಹಾರಾಜರ ಚಿತ್ರ ಬರೆದಿದ್ದರು. ಕೊಲಾಬಾ ಜಿಲ್ಲೆಯ ಕಲೆಕ್ಟರ್ ಆಗಿದ್ದ ಒಟ್ಟೊ ರಾಥ್‌ಫೆಲ್ಡ್ ಅದನ್ನು ನೋಡಿ, ಹುಡುಗನನ್ನು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಲು ನೆರವಾದರು. ಮುಂದೆ ಅವರು ಕಲ್ಕತ್ತೆಯಲ್ಲಿ ಕೆಲಸ ಮಾಡಿದರು, ಲಂಡನ್ನಿಗೂ ಹೋಗಿ ಬಂದರು.

ಅವರಿಗೆ ದೊಡ್ಡ ಹೆಸರು ತಂದದ್ದು ಪುಣೆಯ ಅಶ್ವಾರೂಢ ಶಿವಾಜಿ ಪ್ರತಿಮೆ. ಕೊಲ್ಹಾಪುರದ ಶಾಹು ಮಹಾರಾಜರ ಆಸಕ್ತಿಯಿಂದ ಆರಂಭವಾದ ಈ ಕಾರ್ಯ 1928ರಲ್ಲಿ ಪೂರ್ಣಗೊಂಡಿತು. ಸುಮಾರು 13.5 ಅಡಿ ಎತ್ತರದ ಈ ಕಂಚಿನ ಪ್ರತಿಮೆಯನ್ನು ಶಿವಾಜಿನಗರದ ಶಿವಾಜಿ ಪ್ರಿಪರೇಟರಿ ಮಿಲಿಟರಿ ಶಾಲೆಯ ಆವರಣದಲ್ಲಿ ಈಗಲೂ ನೋಡಬಹುದು. ಭಾರತ ಸರ್ಕಾರದ ಪದ್ಮಶ್ರೀ ಗೌರವ ಪಡೆದ ಕರಮರಕರರು 1967ರಲ್ಲಿ ತೀರಿಕೊಂಡರು.

ಒಳಗೆ ಏನಿದೆ

ಪುಣೆಯಲ್ಲಿ ರಾಜ, ಸಾಸವಣೆಯಲ್ಲಿ ಊರಿನ ಜನ. ಮೀನುಗಾರ ಹೆಣ್ಣುಮಗಳು, ಶಂಖ ಊದುವವನು, ಎಮ್ಮೆ, ಮನೆಯವರ ಮುಖಗಳು ಇಲ್ಲಿವೆ. ಕೊಂಕಣದ ಕೋಳಿ ಜನರ ಉಡುಗೆ, ನಿಲುವು ಹೇಗಿತ್ತೆಂಬುದಕ್ಕೆ ಇವು ದಾಖಲೆಯೂ ಹೌದು. ಕೆಲವು ಕಂಚಿನವು, ಕೆಲವು ಅಮೃತಶಿಲೆಯವು. ಸಿಮೆಂಟು ಮತ್ತು ಪ್ಲಾಸ್ಟರ್‌ನವೂ ಇವೆ. ಎದುರಿಗಷ್ಟೇ ನಿಂತು ನೋಡಬೇಡಿ, ಒಂದು ಸುತ್ತು ಹಾಕಿ. ಬೆನ್ನು, ಹಿಮ್ಮಡಿ, ಸೀರೆಯ ಹಿಂಗಚ್ಚೆ ಇವುಗಳಲ್ಲಿ ಶಿಲ್ಪಿಯ ಕೈ ಗೊತ್ತಾಗುತ್ತದೆ.

ಪ್ಲಾಸ್ಟರ್ ಶಿಲ್ಪವನ್ನು ಕಡೆಗಣಿಸಬೇಡಿ

"ಇದು ಬರೀ ಸುಣ್ಣದ ಗೊಂಬೆ" ಎಂದು ಪ್ಲಾಸ್ಟರ್ ಶಿಲ್ಪಗಳ ಮುಂದೆ ನಿಲ್ಲದೆ ಹೋಗುವವರುಂಟು. ಕಂಚಿನ ಕೆಲಸದ ಕ್ರಮ ತಿಳಿದರೆ ಹಾಗೆ ಅನ್ನಿಸದು. ಶಿಲ್ಪಿ ಮೊದಲು ಕಬ್ಬಿಣದ ಕಂಬಿಯ ಹಂದರಕ್ಕೆ ಜೇಡಿಮಣ್ಣು ಮೆತ್ತಿ ರೂಪ ಕೊಡುತ್ತಾನೆ. ಹಸಿ ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕಾಗಿ ಅದರ ಮೇಲೆ ಪ್ಲಾಸ್ಟರ್ ಅಚ್ಚು ತೆಗೆದು, ಆ ಅಚ್ಚಿನಿಂದ ಪ್ಲಾಸ್ಟರ್ ಪ್ರತಿ ಮಾಡುತ್ತಾರೆ. ಈ ಹಂತದಲ್ಲಿ ಮಣ್ಣಿನ ಮೂಲ ಸಾಮಾನ್ಯವಾಗಿ ಹಾಳಾಗುತ್ತದೆ. ಆ ಪ್ರತಿಯಿಂದ ಮತ್ತೆ ಅಚ್ಚು ತೆಗೆದು, ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದ ಕಂಚನ್ನು ಹೊಯ್ಯುತ್ತಾರೆ. ಎಂದರೆ ಶಿಲ್ಪಿಯ ಬೆರಳಿನ ಗುರುತಿಗೆ ಹತ್ತಿರವಾಗಿ ಉಳಿಯುವುದು ಪ್ಲಾಸ್ಟರ್. ಅದಿದ್ದರೆ ಇನ್ನೊಂದು ಕಂಚಿನ ಪ್ರತಿ ಎರಕ ಹೊಯ್ಯಬಹುದು. ಕಂಚಿಗೆ ಇಳಿಯದ ಶಿಲ್ಪದ ಪ್ಲಾಸ್ಟರ್ ಒಡೆದರೆ ಆ ಕೃತಿಯೇ ಹೋದಂತೆ.

ಸಮುದ್ರದ ಪಕ್ಕದ ಊರಿನಲ್ಲಿ ಈ ಅಪಾಯ ಹೆಚ್ಚು. ಪ್ಲಾಸ್ಟರ್ ತೇವ ಹೀರುತ್ತದೆ. ಪ್ಲಾಸ್ಟರ್, ಸಿಮೆಂಟಿನೊಳಗೆ ಕಬ್ಬಿಣವಿದ್ದರೆ ಉಪ್ಪುಗಾಳಿಗೆ ತುಕ್ಕು ಹಿಡಿದು ಉಬ್ಬಿ, ಒಳಗಿನಿಂದಲೇ ಬಿರುಕು ಬಿಡಿಸುತ್ತದೆ. ಕೈಬೆವರಿನ ಕಲೆಯೂ ಹೋಗುವುದಿಲ್ಲ. ಮಕ್ಕಳನ್ನು ಕರೆದೊಯ್ಯುವವರು "ಮುಟ್ಟಬೇಡ" ಎನ್ನುವುದರ ಜೊತೆಗೆ ಯಾಕೆ ಮುಟ್ಟಬಾರದು ಎಂಬುದನ್ನೂ ಹೇಳಿಕೊಡಿ.

ಹೋಗುವ ದಾರಿ

ಸೊಲ್ಲಾಪುರದಿಂದ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಬೆಳಿಗ್ಗೆ ಮುಂಬಯಿ ಸಿಎಸ್‌ಎಂಟಿ ತಲುಪಿಸುತ್ತದೆ. ಅಲ್ಲಿಂದ ಗೇಟ್‌ವೇಗೆ ಹೋಗಿ ಲಾಂಚ್ ಹತ್ತಿದರೆ ಮಾಂಡ್ವಾ. ಮುಂದೆ ಅಲಿಬಾಗದ ಕಡೆ ಹೋಗುವ ರಸ್ತೆಯಲ್ಲಿ ಸಾಸವಣೆ. ಮಳೆಗಾಲದಲ್ಲಿ ಗೇಟ್‌ವೇ ಲಾಂಚುಗಳು ನಿಲ್ಲುತ್ತವೆ. ಮಳೆ ಕಳೆದ ಮೇಲೆ, ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗುವುದು ಹಿರಿಯರಿಗೆ ಅನುಕೂಲ. ರಸ್ತೆಯಲ್ಲಿ ಹೋಗುವವರು ಪುಣೆ, ಖೋಪೋಲಿ, ಪೇಣ ಮೂಲಕ ಅಲಿಬಾಗ ಸೇರಬಹುದು. ಹಾಗೆ ಹೋದರೆ ಪುಣೆಯ ಪ್ರತಿಮೆಯನ್ನು ಮೊದಲು ನೋಡಿದಂತಾಗುತ್ತದೆ. ಗುಂಪಾಗಿ ಹೋಗುವವರು ತೆರೆದಿರುವ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ.

ಒಂದು ವಿನಂತಿ

ಇಂಥ ಮನೆಗಳು ಉಳಿಯುವುದು ನೋಡಲು ಬರುವವರಿಂದ. ಯಾರೂ ಬಾರದಿದ್ದರೆ ಬೀಗ ಬೀಳುವುದು ತಡವಾಗುವುದಿಲ್ಲ. ನಮ್ಮ ಗಡಿ ಊರುಗಳಲ್ಲೂ ಗಣಪತಿ ಮಾಡುವ, ತೇರಿನ ಗೊಂಬೆ ಕೆತ್ತುವ ಮನೆತನಗಳಿವೆ. ಅವರ ಹಳೆಯ ಅಚ್ಚುಗಳು ಅಟ್ಟದ ಮೇಲೆ ಧೂಳು ತಿನ್ನುತ್ತಿರಬಹುದು. ಸಾಸವಣೆ ನೋಡಿ ಬಂದವರು ತಮ್ಮ ಊರಿನ ಅಂಥದೊಂದು ಮನೆಗೂ ಹೋಗಿ, ಅವರ ಒಪ್ಪಿಗೆ ಪಡೆದು, ಅಚ್ಚುಗಳ ಫೋಟೋ ಮತ್ತು ವಿವರ ಸಂಘಕ್ಕೆ ಕಳಿಸಿಕೊಡಬೇಕೆಂದು ಕೋರುತ್ತೇವೆ. ಬಂದದ್ದನ್ನು ಊರುವಾರು ಪಟ್ಟಿ ಮಾಡಿ ಇದೇ ಪುಟದಲ್ಲಿ ಹಾಕುತ್ತೇವೆ.

– ಕಾರ್ಯದರ್ಶಿ