ಸ್ಮಾರ್ಟ್‌ಫೋನ್ ಬ್ಯಾಟರಿಯ ಬಾಳಿಕೆ

ಸ್ಮಾರ್ಟ್‌ಫೋನ್ ಬ್ಯಾಟರಿಯ ಬಾಳಿಕೆ ಎಂದರೆ ಫೋನಿನ ಒಳಗಿರುವ ಲಿಥಿಯಂ-ಅಯಾನ್ ಬ್ಯಾಟರಿಯು ತನ್ನ ಮೂಲ ಸಾಮರ್ಥ್ಯದ ಬಹುಪಾಲನ್ನು ಉಳಿಸಿಕೊಂಡು ಕೆಲಸ ಮಾಡುವ ಅವಧಿ. ಒಮ್ಮೆ ಚಾರ್ಜ್ ಮಾಡಿದರೆ ಫೋನು ಎಷ್ಟು ಗಂಟೆ ನಡೆಯುತ್ತದೆ ಎಂಬುದು ಒಂದು ಪ್ರಶ್ನೆ. ಎಷ್ಟು ವರ್ಷಗಳವರೆಗೆ ಹಾಗೆ ನಡೆಯುತ್ತದೆ ಎಂಬುದು ಇನ್ನೊಂದು. ಬಾಳಿಕೆ ಎಂಬ ಮಾತು ಎರಡನೆಯದಕ್ಕೆ ಸಂಬಂಧಿಸಿದ್ದು. ಸಾಮರ್ಥ್ಯವು ಮೂಲದ ಶೇ. 80ಕ್ಕೆ ಇಳಿದಾಗ ಬ್ಯಾಟರಿ ಸವೆದಿದೆ ಎಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಬ್ಯಾಟರಿಯ ಸವೆತವನ್ನು ಸಂಪೂರ್ಣವಾಗಿ ತಡೆಯಲು ಸಾಧ್ಯವಿಲ್ಲ. ಆದರೆ ಅದರ ವೇಗವು ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಬ್ಯಾಟರಿಗೆ ತಗಲುವ ಶಾಖ ಮತ್ತು ಅದು ಪೂರ್ಣ ಚಾರ್ಜ್ ಆದ ಸ್ಥಿತಿಯಲ್ಲಿ ಕಳೆಯುವ ಸಮಯ. ಇವೆರಡೂ ಬಹುಮಟ್ಟಿಗೆ ಬಳಕೆದಾರರ ಹತೋಟಿಯಲ್ಲಿವೆ.

ಹಿನ್ನೆಲೆ

ಮೊದಲ ತಲೆಮಾರಿನ ಮೊಬೈಲ್ ಫೋನುಗಳಲ್ಲಿ ನಿಕಲ್-ಕ್ಯಾಡ್ಮಿಯಂ ಮತ್ತು ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಗಳು ಬಳಕೆಯಲ್ಲಿದ್ದವು. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಜಪಾನಿನ ಸೋನಿ ಸಂಸ್ಥೆಯು 1991ರಲ್ಲಿ ಮೊದಲ ಬಾರಿಗೆ ಮಾರುಕಟ್ಟೆಗೆ ತಂದಿತು. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಸಂಗ್ರಹಿಸಬಲ್ಲದ್ದಾದುದರಿಂದ ಅದು ಕ್ರಮೇಣ ಎಲ್ಲ ಮೊಬೈಲ್ ಫೋನುಗಳಿಗೂ ವ್ಯಾಪಿಸಿತು. ಇದರ ಅಭಿವೃದ್ಧಿಗಾಗಿ ಜಾನ್ ಬಿ. ಗುಡ್‌ಇನಫ್, ಎಂ. ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ನೀಡಲಾಯಿತು.

ಹಳೆಯ ಫೋನುಗಳ ಹಿಂಬದಿಯ ಮುಚ್ಚಳವನ್ನು ತೆಗೆದು ಬ್ಯಾಟರಿಯನ್ನು ಯಾರು ಬೇಕಾದರೂ ಬದಲಾಯಿಸಬಹುದಾಗಿತ್ತು. ಈಗಿನ ಹೆಚ್ಚಿನ ಸ್ಮಾರ್ಟ್‌ಫೋನುಗಳಲ್ಲಿ ಬ್ಯಾಟರಿಯನ್ನು ಒಳಗೆ ಅಂಟಿನಿಂದ ಕೂರಿಸಿರುತ್ತಾರೆ. ಹೀಗಾಗಿ ಬ್ಯಾಟರಿ ಸವೆದೊಡನೆ, ಉಳಿದೆಲ್ಲ ಭಾಗಗಳು ಚೆನ್ನಾಗಿದ್ದರೂ ಫೋನನ್ನೇ ಬದಲಾಯಿಸುವ ರೂಢಿ ಬೆಳೆದಿದೆ. ಬ್ಯಾಟರಿಯ ಬಾಳಿಕೆಯು ಫೋನಿನ ಆಯುಷ್ಯದ ಪ್ರಶ್ನೆಯೂ ಆಗಿರುವುದು ಈ ಕಾರಣದಿಂದ.

ಕಾರ್ಯವಿಧಾನ

ಲಿಥಿಯಂ-ಅಯಾನ್ ಕೋಶದಲ್ಲಿ ಎರಡು ವಿದ್ಯುದಗ್ರಗಳಿರುತ್ತವೆ. ಒಂದು ಗ್ರಾಫೈಟಿನದು, ಇನ್ನೊಂದು ಸಾಮಾನ್ಯವಾಗಿ ಲಿಥಿಯಂ ಕೋಬಾಲ್ಟ್ ಆಕ್ಸೈಡಿನಂತಹ ಸಂಯುಕ್ತದ್ದು. ಇವುಗಳ ನಡುವೆ ದ್ರವ ಅಥವಾ ಜೆಲ್ ರೂಪದ ವಿದ್ಯುದ್ವಿಭಾಜ್ಯವಿರುತ್ತದೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಸೇರುತ್ತವೆ. ಫೋನನ್ನು ಬಳಸುವಾಗ ಮರಳಿ ಬರುತ್ತವೆ.

ಗ್ರಾಫೈಟಿನ ಮೇಲ್ಮೈಯಲ್ಲಿ ಮೊದಲ ಕೆಲವು ಚಾರ್ಜ್‌ಗಳಲ್ಲಿಯೇ ಒಂದು ತೆಳುವಾದ ಘನ ಪದರ ಉಂಟಾಗುತ್ತದೆ. ಈ ಪದರವು ಕೋಶಕ್ಕೆ ರಕ್ಷಣೆ ನೀಡುವಂಥದ್ದು. ಆದರೆ ಅದು ನಿಧಾನವಾಗಿ ದಪ್ಪವಾಗುತ್ತ ಹೋಗುತ್ತದೆ ಮತ್ತು ಬೆಳೆಯುವಾಗ ಸ್ವಲ್ಪ ಸ್ವಲ್ಪವಾಗಿ ಲಿಥಿಯಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಸಿಕ್ಕಿಕೊಂಡ ಲಿಥಿಯಂ ಮತ್ತೆ ಶಕ್ತಿ ಸಂಗ್ರಹಕ್ಕೆ ಒದಗುವುದಿಲ್ಲ. ಜೊತೆಗೆ ಕೋಶದ ಆಂತರಿಕ ರೋಧವೂ ಏರುತ್ತದೆ. ಹಳೆಯ ಫೋನು ಶೇ. 20ರಷ್ಟು ಚಾರ್ಜ್ ತೋರಿಸುತ್ತಿರುವಾಗಲೇ ಹಠಾತ್ತನೆ ಆರಿಹೋಗುವುದಕ್ಕೆ ಹೆಚ್ಚಾಗಿ ಈ ರೋಧವೇ ಕಾರಣ.

ಸವೆತದ ಕಾರಣಗಳು

ಶಾಖ: ರಾಸಾಯನಿಕ ಕ್ರಿಯೆಗಳೆಲ್ಲವೂ ಉಷ್ಣತೆ ಏರಿದಂತೆ ವೇಗಗೊಳ್ಳುತ್ತವೆ. ಮೇಲೆ ಹೇಳಿದ ಪದರದ ಬೆಳವಣಿಗೆಯೂ ಇದಕ್ಕೆ ಹೊರತಲ್ಲ. ಫೋನುಗಳನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವಿನ ವಾತಾವರಣದಲ್ಲಿ ಬಳಸಬೇಕೆಂದು ಆಪಲ್ ಮುಂತಾದ ತಯಾರಕರು ಸೂಚಿಸುತ್ತಾರೆ.

ಪೂರ್ಣ ಚಾರ್ಜ್: ಚಾರ್ಜ್ ಮಟ್ಟ ಏರಿದಂತೆ ಕೋಶದ ವೋಲ್ಟೇಜು ಏರುತ್ತದೆ. ಪೂರ್ಣ ಚಾರ್ಜ್ ಆದಾಗ ಅದು 4.2 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿರುತ್ತದೆ. ಈ ಸ್ಥಿತಿಯಲ್ಲಿ ಬಹುಹೊತ್ತು ಇದ್ದರೆ ಅನಪೇಕ್ಷಿತ ಕ್ರಿಯೆಗಳು ಹೆಚ್ಚುತ್ತವೆ. ಬಳಸದೆ ಇಟ್ಟ ಬ್ಯಾಟರಿಗಳ ಕುರಿತು ವ್ಯಾಪಕವಾಗಿ ಉಲ್ಲೇಖಿಸಲಾಗುವ ಅಂದಾಜುಗಳು ಹೀಗಿವೆ:

- 25 ಡಿಗ್ರಿಯಲ್ಲಿ, ಶೇ. 40 ಚಾರ್ಜ್‌ನಲ್ಲಿ ಒಂದು ವರ್ಷ ಇಟ್ಟರೆ ಉಳಿಯುವ ಸಾಮರ್ಥ್ಯ ಸುಮಾರು ಶೇ. 96
- 25 ಡಿಗ್ರಿಯಲ್ಲಿ, ಪೂರ್ಣ ಚಾರ್ಜ್‌ನಲ್ಲಿ ಸುಮಾರು ಶೇ. 80
- 40 ಡಿಗ್ರಿಯಲ್ಲಿ, ಶೇ. 40 ಚಾರ್ಜ್‌ನಲ್ಲಿ ಸುಮಾರು ಶೇ. 85
- 40 ಡಿಗ್ರಿಯಲ್ಲಿ, ಪೂರ್ಣ ಚಾರ್ಜ್‌ನಲ್ಲಿ ಸುಮಾರು ಶೇ. 65

ಕೋಶದ ರಚನೆಗೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ. ಆದರೂ ಶಾಖ ಮತ್ತು ಪೂರ್ಣ ಚಾರ್ಜ್ ಒಂದುಗೂಡಿದಾಗ ಹಾನಿ ಅತ್ಯಧಿಕವೆಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

ಚಾರ್ಜ್ ಆವರ್ತಗಳು: ಒಟ್ಟು ಶೇ. 100ರಷ್ಟು ಚಾರ್ಜ್ ಬಳಕೆಯಾದರೆ ಒಂದು ಆವರ್ತ ಎನ್ನುತ್ತಾರೆ. ದಿನಕ್ಕೆ ಶೇ. 50ರಂತೆ ಎರಡು ದಿನ ಬಳಸಿದರೆ ಒಂದು ಆವರ್ತವಾಗುತ್ತದೆಯೇ ಹೊರತು, ಚಾರ್ಜರ್ ಸಿಕ್ಕಿಸಿದ ಪ್ರತಿ ಸಲವೂ ಅಲ್ಲ. ಐಫೋನ್ 14 ಹಾಗೂ ಹಿಂದಿನ ಮಾದರಿಗಳು 500 ಆವರ್ತಗಳ ಬಳಿಕ, ಐಫೋನ್ 15ರ ಮಾದರಿಗಳು 1,000 ಆವರ್ತಗಳ ಬಳಿಕ ಶೇ. 80ರಷ್ಟು ಸಾಮರ್ಥ್ಯವನ್ನು ಉಳಿಸಿಕೊಳ್ಳುವಂತೆ ರಚಿತವಾಗಿವೆ ಎಂದು ಆಪಲ್ ಹೇಳುತ್ತದೆ. ಪೂರ್ತಿ ಬರಿದು ಮಾಡಿ ಪೂರ್ತಿ ತುಂಬಿಸುವ ಆವರ್ತಗಳಿಗಿಂತ, ನಡುಮಟ್ಟದಲ್ಲಿ ಸ್ವಲ್ಪ ಸ್ವಲ್ಪವಾಗಿ ನಡೆಯುವ ಚಾರ್ಜ್ ಕಡಿಮೆ ಸವೆತ ಉಂಟುಮಾಡುತ್ತದೆ.

ವೇಗದ ಚಾರ್ಜಿಂಗ್: ಇದರಿಂದಾಗುವ ಹಾನಿಯ ಹೆಚ್ಚಿನ ಪಾಲು ಅದು ಹುಟ್ಟಿಸುವ ಶಾಖದಿಂದ ಬರುವಂಥದ್ದು. ಫೋನಿನೊಳಗಿನ ನಿಯಂತ್ರಣ ಮಂಡಲವು ಉಷ್ಣತೆ ಏರಿದಾಗ ಚಾರ್ಜಿಂಗ್ ವೇಗವನ್ನು ತಾನಾಗಿಯೇ ತಗ್ಗಿಸುತ್ತದೆ.

ಬಾಳಿಕೆಯನ್ನು ಹೆಚ್ಚಿಸುವ ಕ್ರಮಗಳು

- ದಿನನಿತ್ಯದ ಬಳಕೆಯಲ್ಲಿ ಚಾರ್ಜ್ ಮಟ್ಟವನ್ನು ಸುಮಾರು ಶೇ. 20ರಿಂದ 80ರ ನಡುವೆ ಇರಿಸುವುದು. ಇದು ಮಾರ್ಗಸೂಚಿಯೇ ಹೊರತು ಕಟ್ಟುಪಾಡಲ್ಲ; ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಪೂರ್ಣ ಚಾರ್ಜ್ ಮಾಡಿಕೊಳ್ಳುವುದರಿಂದ ಗಣನೀಯ ಹಾನಿಯಿಲ್ಲ.
- ಫೋನಿನ ಸೆಟ್ಟಿಂಗ್ಸ್‌ನಲ್ಲಿ ಚಾರ್ಜ್ ಮಿತಿಯ ಸೌಲಭ್ಯವಿದ್ದರೆ ಬಳಸುವುದು. ಬಹಳಷ್ಟು ಹೊಸ ಫೋನುಗಳಲ್ಲಿ ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ, ಅಥವಾ ರಾತ್ರಿಯಿಡೀ ಚಾರ್ಜಿಗಿಟ್ಟಾಗ ಕೊನೆಯ ಭಾಗವನ್ನು ಬೆಳಗಿನ ಹೊತ್ತಿಗಷ್ಟೇ ತುಂಬಿಸುವ ಏರ್ಪಾಡಿದೆ.
- ಚಾರ್ಜ್ ಆಗುತ್ತಿರುವಾಗ ಆಟವಾಡುವುದು, ದೀರ್ಘ ವೀಡಿಯೊ ಕರೆ ಮಾಡುವುದು ಮುಂತಾದ ಭಾರಿ ಬಳಕೆಯನ್ನು ತಪ್ಪಿಸುವುದು. ಎರಡು ಕಡೆಯ ಶಾಖವೂ ಆಗ ಒಟ್ಟಾಗುತ್ತದೆ.
- ಚಾರ್ಜ್ ಮಾಡುವಾಗ ಫೋನನ್ನು ದಿಂಬು, ಹಾಸಿಗೆಗಳ ಮೇಲೆ ಅಥವಾ ಅಡಿಯಲ್ಲಿ ಇಡದೆ ಗಾಳಿಯಾಡುವ ಗಟ್ಟಿ ಜಾಗದಲ್ಲಿ ಇಡುವುದು. ಫೋನು ಬಿಸಿಯಾಗುತ್ತಿದ್ದರೆ ದಪ್ಪನೆಯ ಕವರನ್ನು ತೆಗೆಯುವುದು.
- ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ, ಬೈಕಿನ ಟ್ಯಾಂಕಿನ ಮೇಲಿನ ಚೀಲದಲ್ಲಿ, ಒಲೆಯ ಬಳಿ ಅಥವಾ ಕಿಟಕಿಯ ಬಿಸಿಲಿನಲ್ಲಿ ಫೋನನ್ನು ಬಿಡದಿರುವುದು.
- ಪರದೆಯ ಹೊಳಪನ್ನು ಹಿತಮಿತವಾಗಿಡುವುದು ಮತ್ತು ಅಗತ್ಯವಿಲ್ಲದಾಗ ಹಾಟ್‌ಸ್ಪಾಟ್, ಜಿಪಿಎಸ್‌ಗಳನ್ನು ನಿಲ್ಲಿಸುವುದು. ಬಳಕೆ ತಗ್ಗಿದರೆ ಆವರ್ತಗಳ ಸಂಖ್ಯೆಯೂ ತಗ್ಗುತ್ತದೆ.
- ಬಹುಕಾಲ ಬಳಸದ ಫೋನನ್ನು ಸುಮಾರು ಅರ್ಧ ಚಾರ್ಜ್ ಮಾಡಿ, ಆರಿಸಿ, ತಂಪಾದ ಒಣ ಜಾಗದಲ್ಲಿ ಇಡುವುದು. ಆರು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತುಂಬಿಸುವುದು.

ಕರ್ನಾಟಕದ ಗ್ರಾಮೀಣ ಪರಿಸರದಲ್ಲಿ

ಅತಿಯಾದ ಚಳಿಯಲ್ಲಿ ಚಾರ್ಜ್ ಮಾಡಿದರೆ ಗ್ರಾಫೈಟಿನ ಮೇಲೆ ಲೋಹರೂಪದ ಲಿಥಿಯಂ ಶೇಖರಗೊಂಡು ಕೋಶ ಹಾಳಾಗುತ್ತದೆ. ಕರ್ನಾಟಕದಲ್ಲಿ ಈ ಸಮಸ್ಯೆ ಇಲ್ಲ. ಇಲ್ಲಿನ ಚಿಂತೆ ಬಿಸಿಲಿನದು. ರಾಯಚೂರು, ಕಲಬುರಗಿ ಜಿಲ್ಲೆಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಹಾಸನ ಜಿಲ್ಲೆಯಲ್ಲಿ ಸಕಲೇಶಪುರದ ಕಡೆ ಮಲೆನಾಡಿನ ತಂಪಿದ್ದರೂ, ಅರಸೀಕೆರೆ ತಾಲ್ಲೂಕು ಒಣ ಬಯಲುಸೀಮೆಗೆ ಸೇರಿದೆ. ಕಣಕಟ್ಟೆ ಹೋಬಳಿಯಂತಹ ಭಾಗಗಳಲ್ಲಿ ತಗಡಿನ ಅಥವಾ ಸಿಮೆಂಟ್ ಶೀಟಿನ ಮಾಡಿನ ಕೆಳಗೆ, ಮಧ್ಯಾಹ್ನದ ವೇಳೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಟ್ಟ ಫೋನು ಹೊರಗಿನ ನೆರಳಿಗಿಂತಲೂ ಹೆಚ್ಚಿನ ಶಾಖಕ್ಕೆ ಒಳಗಾಗುತ್ತದೆ.

ಹಳ್ಳಿಗಳಲ್ಲಿ ಫೋನು ಕೇವಲ ಮಾತಿನ ಸಾಧನವಾಗಿ ಉಳಿದಿಲ್ಲ. ಕರ್ನಾಟಕ ಸರ್ಕಾರವು 2020ರ ಮುಂಗಾರು ಹಂಗಾಮಿನಿಂದ ಮೊಬೈಲ್ ಆ್ಯಪ್ ಮೂಲಕ ರೈತರೇ ತಮ್ಮ ಬೆಳೆ ಸಮೀಕ್ಷೆಯನ್ನು ದಾಖಲಿಸುವ ಅವಕಾಶ ಕಲ್ಪಿಸಿತು. ಹೊಲದಲ್ಲಿ ನಿಂತು ಜಿಪಿಎಸ್ ಆಧಾರದ ಮೇಲೆ ಸರ್ವೆ ನಂಬರನ್ನು ಗುರುತಿಸಿ ಬೆಳೆಯ ಚಿತ್ರ ತೆಗೆಯಬೇಕಾದ ಈ ಕೆಲಸದಲ್ಲಿ ಜಿಪಿಎಸ್, ಕ್ಯಾಮೆರಾ, ಗರಿಷ್ಠ ಹೊಳಪಿನ ಪರದೆ ಮತ್ತು ಬಿಸಿಲು ಒಟ್ಟಿಗೆ ಕೂಡುತ್ತವೆ. ಬ್ಯಾಟರಿ ಸವೆದ ಫೋನು ಕೈಕೊಡುವುದು ಇಂತಹ ಸಂದರ್ಭಗಳಲ್ಲಿಯೇ. ಬೆಳಗಿನ ಅಥವಾ ಸಂಜೆಯ ಹೊತ್ತಿನಲ್ಲಿ ಈ ಕೆಲಸ ಮಾಡುವುದರಿಂದ ಫೋನಿಗೂ ಬಳಸುವವರಿಗೂ ಅನುಕೂಲ.

ಸಿಗ್ನಲ್ ದುರ್ಬಲವಾಗಿರುವ ಕಡೆ ಫೋನು ಟವರನ್ನು ತಲುಪಲು ಹೆಚ್ಚು ಶಕ್ತಿಯನ್ನು ವ್ಯಯಿಸುತ್ತದೆ. ಸಿಗ್ನಲ್ ಸಿಗದ ತೋಟಗಳಲ್ಲಿ ಏರೋಪ್ಲೇನ್ ಮೋಡ್ ಹಾಕುವುದರಿಂದ ಈ ವ್ಯಯ ಉಳಿಯುತ್ತದೆ. ವಿದ್ಯುತ್ ಯಾವಾಗ ಹೋಗುವುದೋ ಎಂಬ ಅಳುಕಿನಿಂದ ಫೋನನ್ನು ಸದಾ ಪೂರ್ಣ ಚಾರ್ಜಿನಲ್ಲಿಡುವ ಅಭ್ಯಾಸವೂ ಸಹಜವಾದುದೇ. ಕುಟುಂಬಕ್ಕೆಲ್ಲ ಒಂದೇ ಫೋನಿದ್ದಾಗ ಆ ಎಚ್ಚರಿಕೆ ಅಗತ್ಯವೂ ಹೌದು. ಅಂತಹ ಕಡೆಗಳಲ್ಲಿ ಚಾರ್ಜ್ ಮಿತಿಯನ್ನು ಪಾಲಿಸುವುದಕ್ಕಿಂತ ಶಾಖವನ್ನು ತಪ್ಪಿಸುವುದೇ ಹೆಚ್ಚು ಕಾರ್ಯಸಾಧ್ಯವಾದ ಕ್ರಮ. ತಂಪಾದ ಜಾಗದಲ್ಲಿ, ಬಿಸಿಲಿಳಿದ ಮೇಲೆ ಚಾರ್ಜ್ ಮಾಡಿದರೂ ಸವೆತ ಕಡಿಮೆಯಾಗುತ್ತದೆ.

ತಪ್ಪು ಕಲ್ಪನೆಗಳು

- ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿಯೇ ಚಾರ್ಜ್ ಮಾಡಬೇಕು: ಇದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಸಲಹೆ. ಆ ಬ್ಯಾಟರಿಗಳಲ್ಲಿ ಕಂಡುಬರುತ್ತಿದ್ದ ‘ನೆನಪಿನ ಪರಿಣಾಮ’ವನ್ನು ತಡೆಯಲು ಹಾಗೆ ಮಾಡುತ್ತಿದ್ದರು. ಲಿಥಿಯಂ-ಅಯಾನ್ ಬ್ಯಾಟರಿಗೆ ಇದು ಅನಗತ್ಯ. ಪದೇ ಪದೇ ಮಾಡಿದರೆ ಹಾನಿಕರ.
- ಹೊಸ ಫೋನನ್ನು ಮೊದಲು ಎಂಟು ಗಂಟೆ ಚಾರ್ಜ್ ಮಾಡಬೇಕು: ಇದೂ ಹಳೆಯ ಬ್ಯಾಟರಿಗಳ ಕಾಲದ ಪದ್ಧತಿ.
- ರಾತ್ರಿಯಿಡೀ ಚಾರ್ಜಿಗಿಟ್ಟರೆ ಬ್ಯಾಟರಿಗೆ ಮಿತಿಮೀರಿ ವಿದ್ಯುತ್ ನುಗ್ಗುತ್ತದೆ: ಬ್ಯಾಟರಿ ತುಂಬಿದೊಡನೆ ನಿಯಂತ್ರಣ ಮಂಡಲವು ಚಾರ್ಜನ್ನು ನಿಲ್ಲಿಸುತ್ತದೆ. ಸವೆತವಾಗುವುದು ಬ್ಯಾಟರಿಯು ಪೂರ್ಣ ಮಟ್ಟದಲ್ಲಿಯೇ ಗಂಟೆಗಟ್ಟಲೆ ಇರುವುದರಿಂದ.
- ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಿಡಬೇಕು: ಹಾಗೆ ಮಾಡಿದರೆ ಒಳಗೆ ತೇವಾಂಶ ಕಟ್ಟಿ ಇತರ ಭಾಗಗಳು ಕೆಡಬಹುದು. ನೆರಳಿನಲ್ಲಿ ಆರಿಸಿಟ್ಟರೆ ಸಾಕು.

ಉಬ್ಬುವಿಕೆ ಮತ್ತು ಸುರಕ್ಷತೆ

ಕೆಟ್ಟ ಕೋಶದೊಳಗೆ ಅನಿಲ ಉತ್ಪತ್ತಿಯಾಗಿ ಬ್ಯಾಟರಿಯು ಉಬ್ಬಬಹುದು. ಪರದೆ ಮೇಲೆದ್ದಂತೆ ಕಾಣುವುದು, ಹಿಂಬದಿ ಬಿರಿಯುವುದು, ಮೇಜಿನ ಮೇಲಿಟ್ಟಾಗ ಫೋನು ಅಲುಗಾಡುವುದು ಇದರ ಲಕ್ಷಣಗಳು. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಚಾರ್ಜ್ ಮಾಡುವುದು ಬೆಂಕಿಗೆ ಕಾರಣವಾಗಬಲ್ಲದು. ಫೋನನ್ನು ಆರಿಸಿ, ಮಕ್ಕಳಿಗೆ ಎಟುಕದಂತೆ ಇರಿಸಿ, ದುರಸ್ತಿ ಬಲ್ಲವರ ಬಳಿ ಒಯ್ಯಬೇಕು.

ಬ್ಯಾಟರಿ ಬದಲಾವಣೆ ಮತ್ತು ನಿಯಮಗಳು

ಸವೆದ ಬ್ಯಾಟರಿಯನ್ನು ಬದಲಾಯಿಸುವ ವೆಚ್ಚವು ಸಾಮಾನ್ಯವಾಗಿ ಹೊಸ ಫೋನಿನ ಬೆಲೆಯ ಒಂದು ಸಣ್ಣ ಭಾಗವಷ್ಟೇ. ಬದಲಿ ಬ್ಯಾಟರಿ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೊದ ಐಎಸ್ 16046 ಗುರುತು ಮತ್ತು ನೋಂದಣಿ ಸಂಖ್ಯೆ ಇದೆಯೇ ಎಂದು ನೋಡುವುದು ಒಳ್ಳೆಯದು. ಫೋನಿಗೆ ತಂತ್ರಾಂಶದ ಸುರಕ್ಷತಾ ಪರಿಷ್ಕರಣೆಗಳು ಇನ್ನೂ ದೊರೆಯುತ್ತಿವೆಯೇ ಎಂಬುದನ್ನೂ ಬದಲಾಯಿಸುವ ಮುನ್ನ ಗಮನಿಸಬೇಕು.

ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ಉತ್ಪನ್ನಗಳ ದುರಸ್ತಿಯ ಮಾಹಿತಿ ಒದಗಿಸಲು 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣವನ್ನು ಆರಂಭಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮಗಳು, ಸ್ಮಾರ್ಟ್‌ಫೋನ್ ಬ್ಯಾಟರಿಗಳು 800 ಆವರ್ತಗಳ ಬಳಿಕವೂ ಕನಿಷ್ಠ ಶೇ. 80ರಷ್ಟು ಸಾಮರ್ಥ್ಯವನ್ನು ಉಳಿಸಿಕೊಳ್ಳಬೇಕೆಂದು ವಿಧಿಸುತ್ತವೆ.

ವಿಲೇವಾರಿ

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಎಸೆಯಬಾರದು. ತಿಪ್ಪೆಯಲ್ಲಿ ಅಥವಾ ಕಸದ ಗಾಡಿಯಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಕರ್ನಾಟಕದಲ್ಲಿ ವಿದ್ಯುನ್ಮಾನ ತ್ಯಾಜ್ಯದ ಸಂಘಟಿತ ಸಂಸ್ಕರಣೆಯು 2005ರಲ್ಲಿ ಬೆಂಗಳೂರು ಸಮೀಪದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಸಂಸ್ಥೆಯ ಘಟಕದೊಂದಿಗೆ ಆರಂಭವಾಯಿತು.

ಬ್ಯಾಟರಿಗೆ ಬೇಕಾದ ಲಿಥಿಯಂ, ಕೋಬಾಲ್ಟ್‌ಗಳಿಗಾಗಿ ಭಾರತವು ಬಹುಪಾಲು ಆಮದನ್ನೇ ಅವಲಂಬಿಸಿದೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಂ ಇರುವುದಾಗಿ ಪ್ರಾಥಮಿಕ ಸಮೀಕ್ಷೆಗಳು ಅಂದಾಜಿಸಿವೆ. ಈ ಹಿನ್ನೆಲೆಯಲ್ಲಿ, ಈಗಾಗಲೇ ಬಳಕೆಯಲ್ಲಿರುವ ಬ್ಯಾಟರಿಗಳನ್ನು ಹೆಚ್ಚು ಕಾಲ ಬಳಸುವುದು ಮತ್ತು ಸವೆದವುಗಳನ್ನು ಮರುಬಳಕೆಗೆ ಒಪ್ಪಿಸುವುದು ಖನಿಜ ಸಂಪತ್ತನ್ನು ಉಳಿಸುವ ಮಾರ್ಗವೂ ಆಗಿದೆ.