ಶಾಸ್ತ್ರದಾನದಿಂದ ಸಂಶೋಧನ ವೇತನದವರೆಗೆ

ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರರ ಫಲವು ಬೇಗನೆ ಕಾಣುವುದು. ಶಾಸ್ತ್ರದಾನದ ಫಲಕ್ಕೆ ತಲೆಮಾರುಗಳೇ ಬೇಕಾದಾವು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಾಡೆಲ್ಲ ಬಲ್ಲ ಸಂಗತಿ. ಸಾವಿರ ಪ್ರತಿಗಳಿಗೆ ಓಲೆಗರಿಯೊಂದಿದ್ದರೆ ಸಾಲದು. ಬರೆಯುವವರಿಗೆ ಅಷ್ಟು ಕಾಲವೂ ಅನ್ನ ಬೇಕು. ಶಾಸ್ತ್ರದಾನದೊಳಗೆ ಆಹಾರದಾನವೂ ಅಡಗಿದೆಯೆಂಬುದನ್ನು ಸಮಾಜವು ಆಗಾಗ ಮರೆತಿದೆ.

ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಪೂರೈಸಿದ ಧವಲಾ ಟೀಕೆಯ ತಾಡವೋಲೆಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದವು. ಶತಮಾನಗಳ ಕಾಲ ಅವು ದರ್ಶನಕ್ಕೆ ಒದಗಿದವೇ ಹೊರತು ಅಧ್ಯಯನಕ್ಕೆ ಒದಗಲಿಲ್ಲ. 19ನೆಯ ಶತಮಾನದ ಅಂತ್ಯದಲ್ಲಿ ಆರಂಭವಾದ ಪ್ರತಿಲೇಖನವೇ ಎರಡು ದಶಕಗಳನ್ನು ಮೀರಿತು. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟವು ಅಮರಾವತಿಯಿಂದ ಹೊರಬಂದುದು 1939ರಲ್ಲಿ. ಹದಿನಾರು ಸಂಪುಟಗಳು ಮುಗಿಯಲು ಮತ್ತೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಶ್ರೀಮಂತ ಸೇಠ್ ಲಕ್ಷ್ಮೀಚಂದ್ರರ ಸಾಹಿತ್ಯೋದ್ಧಾರಕ ನಿಧಿಯ ಬಲವಿಲ್ಲದಿದ್ದರೆ ಆ ಪಾಂಡಿತ್ಯವೆಲ್ಲ ಹಸ್ತಪ್ರತಿಯಲ್ಲಿಯೇ ಉಳಿಯುತ್ತಿತ್ತು.

ಬೆಳಗಾವಿ ಜಿಲ್ಲೆಯ ಸದಲಗದಲ್ಲಿ 1906ರಲ್ಲಿ ಜನಿಸಿದ ಡಾ. ಆ.ನೇ. ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಸಂಶೋಧನೆ ನಡೆಸಿದರು. ಅವರು ಸಂಪಾದಿಸಿದ ಪ್ರವಚನಸಾರವು 1935ರಲ್ಲಿ ಪ್ರಕಟವಾಯಿತು; 1939ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ಅವರಿಗೆ ಡಿ.ಲಿಟ್. ಪದವಿಯನ್ನಿತ್ತಿತು. 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವು ಆರಂಭವಾದಾಗ ಅದರ ಮೊದಲ ಪ್ರಾಧ್ಯಾಪಕರಾದವರೂ ಅವರೇ. ಆದರೆ ವಿಭಾಗವೊಂದು ತೆರೆದ ಮಾತ್ರಕ್ಕೆ ವಿದ್ಯಾರ್ಥಿಯ ಊಟದ ಚಿಂತೆ ತೀರಲಿಲ್ಲ.

ಆ ಚಿಂತೆಯ ಒಂದು ಪಾಲನ್ನು ಸರ್ಕಾರವು ವಹಿಸಿಕೊಂಡಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 1984ರಿಂದ ರಾಷ್ಟ್ರಮಟ್ಟದ ಪರೀಕ್ಷೆ ನಡೆಸಿ ಕಿರಿಯ ಸಂಶೋಧನ ವೇತನಕ್ಕೆ ಆಯ್ಕೆ ಮಾಡತೊಡಗಿತು. 2009ರಲ್ಲಿ ಅಲ್ಪಸಂಖ್ಯಾತರಿಗಾಗಿ ಮೌಲಾನಾ ಆಜಾದ್ ವೇತನವು ಬಂದಿತು. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಘೋಷಿಸಿದ ಮೇಲೆ ಆ ಬಾಗಿಲು ನಮ್ಮ ಸಮಾಜದ ಯುವಜನರಿಗೂ ತೆರೆಯಿತು. ಬೇರೆ ಯೋಜನೆಗಳೊಡನೆ ಅದು ಪುನರಾವರ್ತನೆಯಾಗುತ್ತದೆಂಬ ಕಾರಣದಿಂದ ಅದನ್ನು ನಿಲ್ಲಿಸಿದುದಾಗಿ 2022ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಲಾಯಿತು. ಒಂಬತ್ತು ವರ್ಷವೂ ತುಂಬಿರಲಿಲ್ಲ.

ಇನ್ನುಳಿದುದು ಪರೀಕ್ಷೆಯ ಮೂಲಕ ದೊರೆಯುವ ವೇತನ. ಅದು ಬರೆದವರಲ್ಲಿ ಕೆಲವರಿಗೆ ಮಾತ್ರ. 2023ರ ಜನವರಿಯಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದಿನ ಮೂರು ವರ್ಷ 42,000 ರೂಪಾಯಿ. ಮೊತ್ತವು ಸಣ್ಣದಲ್ಲ. ಆದರೆ ಸಾದಿಲ್ವಾರು ವೆಚ್ಚಕ್ಕೆ ಮೊದಲ ಎರಡು ವರ್ಷ ವಿಜ್ಞಾನದವರಿಗೆ ವರ್ಷಕ್ಕೆ 12,000 ರೂಪಾಯಿ ಗೊತ್ತುಮಾಡಿದ್ದರೆ ಮಾನವಿಕ ವಿಷಯಗಳವರಿಗೆ 10,000 ಮಾತ್ರ. ಪುಸ್ತಕ ಓದುವವನಿಗೆ ಖರ್ಚೇನೆಂಬ ಎಣಿಕೆ ಇದರ ಹಿಂದೆ ಇದ್ದೀತು! ಓಲೆಗಳನ್ನು ಅರಸಿ ಮೂಡಬಿದಿರೆ, ಹೊಂಬುಜ, ಶ್ರವಣಬೆಳಗೊಳಗಳಿಗೆ ಹೋಗಿ ವಾರಗಟ್ಟಲೆ ತಂಗುವವನಿಗೆ ಪ್ರಯಾಣವೇ ಪ್ರಯೋಗಶಾಲೆ. ಹಳೆಯ ಲಿಪಿಯೂ ಪ್ರಾಕೃತವೂ ಕೈಗೂಡುವಷ್ಟರಲ್ಲಿ ಎರಡು ವರ್ಷ ಕಳೆದಿರುತ್ತವೆ.

ಮನೆಬಾಡಿಗೆಯನ್ನೂ ಸಾದಿಲ್ವಾರನ್ನೂ ಬಿಟ್ಟು ಲೆಕ್ಕ ಹಾಕಿದರೆ ಒಬ್ಬ ಸಂಶೋಧಕನ ಐದು ವರ್ಷಗಳ ವೇತನವು ಸರಿಯಾಗಿ 24 ಲಕ್ಷ ರೂಪಾಯಿಗಳಾಗುತ್ತದೆ. ಶ್ರಾವಕರಿಗೆ ಆ ಸಂಖ್ಯೆಯನ್ನು ನೆನಪಿಡುವುದು ಕಷ್ಟವಲ್ಲ.